ಕೋಡಿಂಗ್ ಬರುವುದಿಲ್ಲ, ಡೇಟಾ ಮೈನಿಂಗ್‌ನಲ್ಲಿ ಮುಂದಕ್ಕೆ ಹೋಗಬಹುದಾ?

ಪ್ರಶ್ನೆ: ನಾನು ಉಡುಪಿ ಹತ್ತಿರದ ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಹದಿನಾಲ್ಕು ವರ್ಷದಿಂದ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಬಿ.ಕಾಂ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಪಿವೋಟ್, ವಿ-ಲುಕಪ್ ಎಲ್ಲ ದಿನಾ ಮಾಡುವುದೇ. ಕಳೆದ ಮಳೆಗಾಲದಲ್ಲಿ ರಾತ್ರಿ ಕೂತು ವೆಕಾ ಸಾಫ್ಟ್‌ವೇರ್ ಬಳಸಿ ಡೇಟಾ ಮೈನಿಂಗ್ (ಹಳೆಯ ಮಾಹಿತಿಯಿಂದ ಉಪಯೋಗದ ನಿಯಮ ಹುಡುಕುವುದು) ಕಲಿಸುವ ಆನ್‌ಲೈನ್ ಕೋರ್ಸಿನ ಮೊದಲ ಹಂತ ಮುಗಿಸಿದೆ. ಆಮೇಲೆ ನಮ್ಮದೇ 1,850 ಸಾಲಗಳ ಪಟ್ಟಿ ಹಾಕಿ ನೋಡಿದೆ. ಅದರಲ್ಲಿ 148 ಸುಸ್ತಿ ಸಾಲಗಳು. ವೆಕಾದ ಜೆ48 ಎಂಬ ವಿಧಾನ ಕಟ್ಟಿದ ಮರ (ಕಾಲಮ್‌ಗಳ ಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಾ ಸಾಲಗಳನ್ನು ವಿಂಗಡಿಸುವ ನಕ್ಷೆ) ಶೇ. 97.6 ಸರಿಯಾಗಿ ಗುರುತಿಸಿತು. ಮರದ ಮೊದಲ ಕವಲು ಬಂದದ್ದು 'ನೋಟಿಸ್ ಖರ್ಚು' ಎಂಬ ಕಾಲಮ್ ಮೇಲೆ. ನಮ್ಮ ಸಿಇಒ ತುಂಬಾ ಖುಷಿಪಟ್ಟರು, ಹೊಸ ಅರ್ಜಿಗಳಿಗೂ ಇದನ್ನೇ ಬಳಸೋಣ ಅಂದರು. ಆದರೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ, "ಚಿಕ್ಕಮ್ಮ, ಪೈಥಾನ್ ಗೊತ್ತಿಲ್ಲದಿದ್ರೆ ಇದೆಲ್ಲ ಆಟ ಅಷ್ಟೇ, ಮುಂದಿನ ಹಂತಕ್ಕೆ ಹೋಗ್ಲಿಕ್ಕೆ ಆಗೋದಿಲ್ಲ" ಅಂತಾನೆ. ನನಗೀಗ 41. ಕೋಡಿಂಗ್ ಕಲಿಯುವಷ್ಟು ಸಮಯ ಇಲ್ಲ. ಇಲ್ಲಿಗೇ ನಿಲ್ಲಿಸಬೇಕಾ? ಮುಂದುವರಿದರೆ ಸರ್ಟಿಫಿಕೇಟ್‌ನಿಂದ ಪ್ರಯೋಜನ ಇದೆಯಾ?

ಉತ್ತರ: ನಿಲ್ಲಿಸಬೇಡಿ. ಒಂದು ಸಾಲು ಕೋಡ್ ಬರೆಯದೆ ಇದರ ಮುಂದಿನ ಮಧ್ಯಮ ಹಂತವನ್ನು ಪೂರ್ತಿ ಕಲಿಯಬಹುದು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಮಂಗಳೂರಿನಲ್ಲಿ ಬ್ಯಾಂಕಿನ ಸಾಲದ ಲೆಕ್ಕಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಆಮೇಲೆ ಕಚೇರಿಗಳಲ್ಲಿರುವವರಿಗೆ ಇದನ್ನೇ ಕಲಿಸುತ್ತಾ ಬಂದವನು ನಾನು. ಕೋಡ್ ಗೊತ್ತಿಲ್ಲದೆ ಚೆನ್ನಾಗಿ ಕಲಿತವರನ್ನು ನೋಡಿದ್ದೇನೆ. ಕೋಡ್ ಗೊತ್ತಿದ್ದೂ ಎಡವಿದವರನ್ನು ಅದಕ್ಕಿಂತ ಜಾಸ್ತಿ ನೋಡಿದ್ದೇನೆ.

ಆದರೆ ನಿಮ್ಮ ಪತ್ರದಲ್ಲಿ ನೀವು ಕೇಳದ ಒಂದು ವಿಷಯ ಇದೆ. ಅದು ಸ್ವಲ್ಪ ಅವಸರದ್ದು. ಆ 97.6ರ ಮರವನ್ನು ಹೊಸ ಅರ್ಜಿಗಳ ಮೇಲೆ ಬಳಸಬೇಡಿ. ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಸಿಇಒ ಅವರಿಗೆ ನಾಳೆಯೇ ಹೇಳಿ. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಮಧ್ಯಮ ಹಂತದ ಅರ್ಧ ಪಾಠ ಆದ ಹಾಗೆ.

'ನೋಟಿಸ್ ಖರ್ಚು' ಸಾಲಗಾರನ ಖಾತೆಗೆ ಯಾವಾಗ ಬೀಳುತ್ತದೆ? ಕಂತು ತಪ್ಪಿದ ಮೇಲೆ. ನೀವು ಫೋನ್ ಮಾಡಿ, ಜಾಮೀನುದಾರರಿಗೆ ಹೇಳಿ, ಯಾರನ್ನೋ ಮನೆಗೆ ಕಳಿಸಿ, ಆಗಲೂ ಹಣ ಬಾರದೆ ಹೋದಾಗ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಹೋಗುತ್ತದೆ. ಅದರ ಖರ್ಚನ್ನು ಖಾತೆಗೆ ಹಾಕುತ್ತೀರಿ. ಅಂದರೆ ಆ ಕಾಲಮ್‌ನಲ್ಲಿ ಮೊತ್ತ ಇದೆ ಅಂದರೆ ಆ ಸಾಲ ಆಗಲೇ ಸುಸ್ತಿ. ನಿಮ್ಮ ಮರ ಮುಂದಾಗುವುದನ್ನು ಹೇಳಲಿಲ್ಲ, ಆಗಿ ಹೋದದ್ದನ್ನು ಓದಿ ಹೇಳಿತು. ಅಂಗಳ ಒದ್ದೆಯಾದದ್ದು ನೋಡಿ ಮಳೆ ಬರುತ್ತದೆ ಅಂದ ಹಾಗೆ.

ಈಗ ಹೊಸ ಅರ್ಜಿ ಬಂತು ಅಂತ ಇಟ್ಟುಕೊಳ್ಳಿ. ಅವರಿಗೆ ಸಾಲವೇ ಕೊಟ್ಟಿಲ್ಲ, ನೋಟಿಸ್ ಎಲ್ಲಿಂದ ಬರಬೇಕು? ಎಲ್ಲರದ್ದೂ ಸೊನ್ನೆ. ಮೊದಲ ಕವಲಿನಲ್ಲೇ ಎಲ್ಲರೂ ಒಂದೇ ಕಡೆ ಸರಿಯುತ್ತಾರೆ, ಹೆಚ್ಚುಕಡಿಮೆ ಎಲ್ಲರಿಗೂ 'ಒಳ್ಳೆಯ ಸಾಲ' ಅಂತ ಮುದ್ರೆ ಬೀಳುತ್ತದೆ. ಕಂಪ್ಯೂಟರ್ ಪಾಸ್ ಮಾಡಿದೆ ಅಂತ ಮುಂಚಿಗಿಂತ ಕಡಿಮೆ ವಿಚಾರಿಸಿ ಸಾಲ ಕೊಟ್ಟರೆ ನಷ್ಟ ಯಾರಿಗೆ? ಠೇವಣಿ ಇಟ್ಟ ಸದಸ್ಯರಿಗೆ. ಅದಕ್ಕೇ ಅವಸರ ಅಂದೆ.

ನಮ್ಮ ಕೆಲಸದಲ್ಲಿ ಇದಕ್ಕೆ ಲೀಕೇಜ್ ಅನ್ನುತ್ತೇವೆ. ಉತ್ತರವೇ ಪ್ರಶ್ನೆಪತ್ರಿಕೆಯೊಳಗೆ ಸೋರಿಕೊಂಡು ಬರುವುದು. ಹತ್ತು ಪಾಲು ಮಾಡಿ ಪರೀಕ್ಷಿಸುವ ಕ್ರಾಸ್ ವ್ಯಾಲಿಡೇಶನ್ ಮಾಡಿದ್ದೇನಲ್ಲಾ ಅಂತ ನೀವು ಕೇಳಬಹುದು. ಅದು ಇದನ್ನು ಹಿಡಿಯುವುದಿಲ್ಲ. ಸೋರಿಕೆ ಹತ್ತೂ ಪಾಲಿನಲ್ಲಿ ಇದೆ. ಕಲಿಯುವ ಒಂಬತ್ತು ಪಾಲಿನಲ್ಲೂ ನೋಟಿಸ್ ಖರ್ಚು ಇದೆ, ಪರೀಕ್ಷೆಗೆ ಇಟ್ಟ ಹತ್ತನೆಯದರಲ್ಲೂ ಇದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಒಳ್ಳೆಯ ಅಂಕವೇ ಬರುತ್ತದೆ. ಇದನ್ನು ಹಿಡಿಯುವುದು ಖಾತೆ ಪುಸ್ತಕ ಬಲ್ಲವರ ಕಣ್ಣು, ಸಾಫ್ಟ್‌ವೇರ್ ಅಲ್ಲ.

ನನಗೂ ಇದು ಆಗಿದೆ. ಒಂದು ಬ್ಯಾಂಕಿಗಾಗಿ ಹೀಗೇ ಮಾದರಿ ಕಟ್ಟುತ್ತಿದ್ದಾಗ, ಸುಸ್ತಿಯ ಅತಿ ದೊಡ್ಡ ಸೂಚನೆಯಾಗಿ 'ಎರಡನೇ ಮೊಬೈಲ್ ನಂಬರ್' ಮೇಲೆದ್ದು ಬಂತು. ಎರಡು ನಂಬರ್ ಇದ್ದವರು ಜಾಸ್ತಿ ಸುಸ್ತಿ. ನಮ್ಮ ತಂಡದಲ್ಲಿ ಎಲ್ಲರೂ ಕೋಡ್ ಬರೆಯುವವರು. ಎರಡು ದಿನ ಅದಕ್ಕೆ ಕಾರಣ ಹುಡುಕಿದೆವು, ಒಂದಷ್ಟು ಕಾರಣ ಕಟ್ಟಿಯೂ ಬಿಟ್ಟೆವು. ಕೊನೆಗೆ ವಸೂಲಿ ವಿಭಾಗದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದಾಗ ಅವರು ಅರ್ಧ ನಿಮಿಷದಲ್ಲಿ ಬಿಡಿಸಿದರು. ಸಾಲಗಾರ ಫೋನ್ ಎತ್ತದೆ ಹೋದಾಗ ಇವರೇ ಊರಿಗೆ ಹೋಗಿ ಅಣ್ಣನದ್ದೋ ಹೆಂಡತಿಯದ್ದೋ ನಂಬರ್ ತಂದು ತುಂಬಿಸುತ್ತಿದ್ದರು. ಪೈಥಾನ್ ನಮಗೆ ಇದನ್ನು ಹೇಳಲಿಲ್ಲ. ನಿಮ್ಮ ಹದಿನಾಲ್ಕು ವರ್ಷದ ಅನುಭವಕ್ಕೆ ಎಷ್ಟು ಬೆಲೆ ಇದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇನ್ನು 97.6 ಅನ್ನುವ ಅಂಕಿಯನ್ನೇ ನೋಡೋಣ. 1,850ರಲ್ಲಿ 148 ಸುಸ್ತಿ ಅಂದರೆ ಶೇ. 8. ಕಣ್ಣುಮುಚ್ಚಿ ಎಲ್ಲರನ್ನೂ ಒಳ್ಳೆಯವರು ಅಂದರೂ ಶೇ. 92 ಸರಿ. ಮೊದಲ ಹಂತದಲ್ಲಿ ಝೀರೋಆರ್ ಅಂತ ಒಂದು ಕಲಿತಿರುತ್ತೀರಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಎಲ್ಲರಿಗೂ ಹೇಳುವ ವಿಧಾನ. ಬಹಳ ಜನ ಅದನ್ನು ಸುಮ್ನೆ ದಾಟಿಬಿಡುತ್ತಾರೆ. ನೀವು ಪ್ರತಿ ಸಲ ಮೊದಲು ಅದನ್ನೇ ಓಡಿಸಿ, ಬಂದ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವೆಕಾ ಜೊತೆ ಬರುವ ಡಯಾಬಿಟಿಸ್ ಫೈಲಿನಲ್ಲಿ 768 ಜನ ಇದ್ದಾರೆ. ಝೀರೋಆರ್ ಅಲ್ಲಿ ಶೇ. 65.1 ಕೊಡುತ್ತದೆ, ಜೆ48 ಸುಮಾರು 73.8. ಅಂದರೆ ಮರ ನಿಜವಾಗಿ ಗಳಿಸಿದ್ದು ಎಂಟು ಚಿಲ್ಲರೆ ಅಂಕ ಮಾತ್ರ. ನಿಮ್ಮ ಲೆಕ್ಕದಲ್ಲಿ ಓಟ ಶುರುವಾಗುವುದೇ 92ರಿಂದ.

ಈಗ ಕೋಡಿಂಗ್ ವಿಷಯ.

ಪೈಥಾನ್ ಇಲ್ಲದೆ ಆಗದು ಅನ್ನುವ ನಂಬಿಕೆ ಎಲ್ಲಿಂದ ಬಂತು? ಉದ್ಯೋಗದ ಜಾಹೀರಾತುಗಳಿಂದ. ಅಲ್ಲಿ ಪೈಥಾನ್ ಅಂತ ಬರೆದಿರುತ್ತದೆ, ಹಾಗಾಗಿ ಕಲಿಸುವವರೂ ಅದರಿಂದಲೇ ಶುರು ಮಾಡುತ್ತಾರೆ. ಮೂರು ತಿಂಗಳ ಕೋರ್ಸಿನಲ್ಲಿ ಎರಡು ತಿಂಗಳು ಭಾಷೆ ಕಲಿಯುವುದರಲ್ಲೇ ಕಳೆಯುತ್ತದೆ. ಕೊನೆಗೆ ಅವಸರದಲ್ಲಿ ಒಂದು ಮರ, ಒಂದು ನ್ಯೂರಲ್ ನೆಟ್‌ವರ್ಕ್. ಲೀಕೇಜ್ ಬಗ್ಗೆ ಒಂದು ಗಂಟೆಯೂ ಇರುವುದಿಲ್ಲ. ನಿಜ ಹೇಳಬೇಕೆಂದರೆ ಪೈಥಾನ್ ಬಲ್ಲವರೂ ಮರ ಕಟ್ಟುವ ಲೆಕ್ಕವನ್ನು ತಾವೇ ಬರೆಯುವುದಿಲ್ಲ. ಯಾರೋ ಬರೆದಿಟ್ಟದ್ದನ್ನು ಒಂದು ಸಾಲಿನಲ್ಲಿ ಕರೆಯುತ್ತಾರೆ. ನೀವು ಗುಂಡಿ ಒತ್ತಿ ಕರೆಯುತ್ತೀರಿ. ನೀವು ಬಳಸಿದ ಜೆ48ರ ಹಿಂದೆ ಇರುವುದು ಆಸ್ಟ್ರೇಲಿಯಾದ ರಾಸ್ ಕ್ವಿನ್ಲನ್ ಅವರ ಸಿ4.5 ವಿಧಾನ. ದಶಕಗಳಿಂದ ಜನ ಅದನ್ನು ಬಳಸಿ ಪರೀಕ್ಷಿಸಿದ್ದಾರೆ. ಅದು ಆಟದ ಸಾಮಾನಲ್ಲ.

ವೆಕಾ ಹುಟ್ಟಿದ್ದು ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದಲ್ಲಿ. ಆ ದೇಶದಲ್ಲಿ ಮಾತ್ರ ಸಿಗುವ, ಹಾರಲಾರದ ಒಂದು ಹಕ್ಕಿಯ ಹೆಸರು ಅದು. ಸಾಫ್ಟ್‌ವೇರ್ ಉಚಿತ. ಅಲ್ಲಿನ ಇಯನ್ ವಿಟನ್ ಅವರು ಕಲಿಸಿದ ಮೂರು ಆನ್‌ಲೈನ್ ಕೋರ್ಸುಗಳಿವೆ. ಮೊದಲನೆಯದು ಶುರುವಾದದ್ದು 2013ರಲ್ಲಿ. ಒಂದೊಂದೂ ಐದು ವಾರದ್ದು. ನೀವು ಮುಗಿಸಿದ್ದು ಮೊದಲನೆಯದು. ಎರಡನೆಯದೇ ನೀವು ಕೇಳುವ ಮಧ್ಯಮ ಹಂತ, ಅದರಲ್ಲಿ ಪ್ರೋಗ್ರಾಮಿಂಗ್ ಬೇಕಿಲ್ಲ. ಮೂರನೆಯದರಲ್ಲಿ ಕೋಡ್ ಬರೆಯುವವರ ಸಾಧನಗಳಾದ ಆರ್, ಸ್ಪಾರ್ಕ್, ಪೈಥಾನ್ ಬರುತ್ತವೆ. ಹಾಗಾಗಿ ನಿಮ್ಮ ಅಕ್ಕನ ಮಗ ಪೂರ್ತಿ ತಪ್ಪು ಹೇಳಿಲ್ಲ. ಅವನು ಹೇಳುವ ಗೋಡೆ ಇದೆ, ಅದು ಎರಡನೇ ಕೋರ್ಸ್ ಮತ್ತು ಮೂರನೆಯದರ ನಡುವೆ ಇದೆ. ನೀವಿನ್ನೂ ಅದರಿಂದ ದೂರ ಇದ್ದೀರಿ.

ಹಾಗಾದರೆ ಮಧ್ಯಮ ಹಂತದಲ್ಲಿ ಏನಿದೆ? ದೊಡ್ಡ ದೊಡ್ಡ ಹೆಸರಿನ ವಿಧಾನಗಳು ಇರುತ್ತವೆ ಅಂತ ಜನ ತಿಳಿಯುತ್ತಾರೆ. ನ್ಯೂರಲ್ ನೆಟ್‌ವರ್ಕ್ ಬರುತ್ತದೆ, ಕೊನೆಯ ವಾರದಲ್ಲಿ. ಗುಂಪು ಮಾಡುವುದು, ಜೊತೆಜೊತೆಗೆ ಬರುವ ವಸ್ತುಗಳನ್ನು ಹುಡುಕುವುದು, ಬರಹಗಳನ್ನು ವಿಂಗಡಿಸುವುದು ಎಲ್ಲ ಇದೆ. ನಿಮ್ಮ ಕೆಲಸಕ್ಕೆ ಇವುಗಳಲ್ಲಿ ಹೆಚ್ಚಿನವು ಈಗ ಬೇಡ. ನೋಡಿಕೊಂಡು ಮುಂದೆ ಹೋಗಿ. ನೀವು ನಿಲ್ಲಬೇಕಾದ ಜಾಗ ಎರಡು: ಕಾಲಮ್‌ಗಳನ್ನು ಆರಿಸುವುದು, ಮತ್ತು ತಪ್ಪಿನ ಬೆಲೆ ಲೆಕ್ಕ ಹಾಕುವುದು. ಎರಡೂ ನಾಲ್ಕನೇ ವಾರದಲ್ಲಿ ಬರುತ್ತವೆ.

ತಪ್ಪಿನ ಬೆಲೆಯನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಇದು ನಿಮ್ಮದೇ ಕಸುಬಿನದ್ದು. ವೆಕಾದ ಡೇಟಾ ಫೋಲ್ಡರ್‌ನಲ್ಲಿ 'ಕ್ರೆಡಿಟ್-ಜಿ' ಅಂತ ಒಂದು ಫೈಲ್ ಇದೆ. ಜರ್ಮನಿಯ 1,000 ಸಾಲಗಾರರು. 700 ಜನ ಒಳ್ಳೆಯವರು, 300 ಜನ ಕೆಟ್ಟ ಸಾಲ. ಜೆ48 ಓಡಿಸಿದರೆ ಶೇ. 70.5 ಸರಿ. ಎಲ್ಲರನ್ನೂ ಒಳ್ಳೆಯವರು ಅಂದಿದ್ದರೆ 70 ಬರುತ್ತಿತ್ತು. ಅರ್ಧ ಅಂಕ ಗಳಿಕೆ. ಈಗ ವೆಕಾ ಕೊಡುವ ಫಲಿತಾಂಶದ ಕೆಳಗಿನ ಪುಟ್ಟ ಕೋಷ್ಟಕ ನೋಡಿ. 112 ಒಳ್ಳೆಯವರನ್ನು ಕೆಟ್ಟವರು ಅಂದಿದೆ. 183 ಕೆಟ್ಟವರನ್ನು ಒಳ್ಳೆಯವರು ಅಂದಿದೆ. ಈ ಎರಡು ತಪ್ಪೂ ಒಂದೇನಾ? ಅಲ್ಲ. ಒಳ್ಳೆಯವರಿಗೆ ಇಲ್ಲ ಅಂದರೆ ಒಂದಿಷ್ಟು ಬಡ್ಡಿ ಹೋಯಿತು. ಕೆಟ್ಟ ಸಾಲ ಕೊಟ್ಟರೆ ಅಸಲೇ ಹೋಯಿತು. ಆ ಫೈಲಿನ ಜೊತೆಯಲ್ಲೇ ಒಂದು ದಂಡದ ಲೆಕ್ಕ ಇದೆ: ಮೊದಲ ತಪ್ಪಿಗೆ 1, ಎರಡನೆಯದಕ್ಕೆ 5.

ಲೆಕ್ಕ ಹಾಕಿ. 112ಕ್ಕೆ 112. 183ನ್ನು 5ರಿಂದ ಗುಣಿಸಿದರೆ 915. ಒಟ್ಟು 1,027. ಎಲ್ಲರಿಗೂ ಸಾಲ ಕೊಟ್ಟಿದ್ದರೆ 300 ಗುಣಿಸು 5, ಅಂದರೆ 1,500. ಯಾರಿಗೂ ಕೊಡದೆ ಬಾಗಿಲು ಹಾಕಿ ಕೂತಿದ್ದರೆ? 700. ಬಾಗಿಲು ಹಾಕುವುದೇ ಜೆ48ಗಿಂತ ಲಾಭ ಅಂತಾಯಿತು. ಶೇ. 70.5 ಅನ್ನುವ ಅಂಕಿ ಈ ವಿಷಯವನ್ನು ಪೂರ್ತಿ ಮುಚ್ಚಿಟ್ಟಿತ್ತು. ವೆಕಾದಲ್ಲಿ ಕಾಸ್ಟ್ ಸೆನ್ಸಿಟಿವ್ ಕ್ಲಾಸಿಫೈಯರ್ ಅಂತ ಇದೆ. ಅದರೊಳಗೆ ಈ 1 ಮತ್ತು 5ನ್ನು ತುಂಬಿಸಿ, ಅದರ ಹೊಟ್ಟೆಯಲ್ಲಿ ಜೆ48 ಇಟ್ಟು ಓಡಿಸಿ. ಸರಿಯುತ್ತರದ ಶೇಕಡಾ ಚೆನ್ನಾಗಿಯೇ ಇಳಿಯುತ್ತದೆ. ದಂಡವೂ ಇಳಿಯುತ್ತದೆ. ಅಂಕ ಕಡಿಮೆಯಾದದ್ದು ನೋಡಿ ಹೆದರದೆ, ಇದು ಮುಂಚಿನದಕ್ಕಿಂತ ಒಳ್ಳೆಯದು ಅಂತ ವಿವರಿಸಿ ಹೇಳಲು ಬಂದ ದಿನ ನೀವು ಮಧ್ಯಮ ಹಂತದಲ್ಲಿದ್ದೀರಿ. ಇದರಲ್ಲಿ ಕೋಡ್ ಎಲ್ಲಿ ಬಂತು, ಹೇಳಿ?

ನಿಮ್ಮ ಸೊಸೈಟಿಯಲ್ಲಿ ಆ 1 ಮತ್ತು 5ರ ಜಾಗದಲ್ಲಿ ಏನು ಬರಬೇಕು ಅನ್ನುವುದನ್ನು ನೀವೇ ಹೇಳಬೇಕು. ಚಿನ್ನದ ಸಾಲದಲ್ಲಿ ಅದು ಒಂದು ಥರ, ಜಾಮೀನು ಸಾಲದಲ್ಲಿ ಇನ್ನೊಂದು ಥರ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ್ದರೆ ಬೇರೆ ಮಾಡಿ.

ಈಗ ಕಾಲಮ್‌ಗಳು. ನನಗೆ ಅತಿ ಇಷ್ಟದ ಭಾಗ ಇದು. ಒಂದು ಹಾಳೆ ತೆಗೆದುಕೊಂಡು ನಿಮ್ಮ ಪಟ್ಟಿಯ ಒಂದೊಂದು ಕಾಲಮ್ ಹೆಸರನ್ನೂ ಬರೆಯಿರಿ. ಪ್ರತಿಯೊಂದರ ಎದುರು ಒಂದೇ ಪ್ರಶ್ನೆ: ಸಾಲ ಮಂಜೂರಾದ ದಿನ ಇದು ನನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂದರೆ ತೆಗೆಯಿರಿ. ನೋಟಿಸ್ ಖರ್ಚು ಹೋಯಿತು. ದಂಡಬಡ್ಡಿ ಹೋಯಿತು. ಬಾಕಿ ಅಸಲು, ಕೊನೆಯ ಕಂತು ಕಟ್ಟಿದ ದಿನ, ಹೋಯಿತು. 'ಷರಾ' ಅಂತ ಒಂದು ಕಾಲಮ್ ಇದ್ದರೆ ಅದನ್ನು ವಿಶೇಷವಾಗಿ ನೋಡಿ, ಅದರಲ್ಲಿ ವಸೂಲಿಯವರು ಬರೆದ ಮಾತು ಇರುತ್ತದೆ. ಸದಸ್ಯ ಸಂಖ್ಯೆ, ಖಾತೆ ಸಂಖ್ಯೆ ಕೂಡ ತೆಗೆಯಿರಿ. ಅವು ನಂಬರ್ ಆದದ್ದರಿಂದ ಮರ ಅವುಗಳ ಮೇಲೂ ಕವಲೊಡೆಯುತ್ತದೆ.

ಇಷ್ಟು ತೆಗೆದ ಮೇಲೆ ಉಳಿಯುವುದು ತೀರಾ ಬಡ ಪಟ್ಟಿ. ವಯಸ್ಸು, ಕಸುಬು, ಊರು, ಮೊತ್ತ, ಅವಧಿ. ಅಲ್ಲಿಂದ ನಿಮ್ಮ ನಿಜವಾದ ಕೆಲಸ ಶುರು. ಹೊಸ ಕಾಲಮ್ ಕಟ್ಟಬೇಕು. ನಮ್ಮ ಕರಾವಳಿಯಲ್ಲಿ ಹಣ ವರ್ಷವಿಡೀ ಒಂದೇ ಸಮ ಹರಿಯುವುದಿಲ್ಲ, ಅಲ್ವಾ? ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಮಲ್ಪೆಯ ಬೋಟಿನಲ್ಲಿ ದುಡಿಯುವವರ ಕಂತು ಜುಲೈ, ಆಗಸ್ಟ್‌ನಲ್ಲಿ ತಪ್ಪಿದರೆ ಅದು ಬೇರೆ ಥರದ ತಪ್ಪು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತವೆ. ಮೇಳದಲ್ಲಿರುವವರಿಗೆ ಆಮೇಲೆ ನವೆಂಬರ್‌ವರೆಗೆ ಕೈ ಬಿಗಿ. ಅಡಿಕೆ ತೋಟದವರಿಗೆ ಕೊಳೆರೋಗ ಬಂದ ವರ್ಷ ಒಂದು ಲೆಕ್ಕ, ಬಾರದ ವರ್ಷ ಇನ್ನೊಂದು. 'ಕಸುಬು' ಅನ್ನುವ ಒಂದು ಕಾಲಮ್ ಜೊತೆಗೆ 'ಮೊದಲ ಆರು ಕಂತಿನಲ್ಲಿ ಎಷ್ಟು ಕಂತು ಆದಾಯ ಇಲ್ಲದ ತಿಂಗಳಲ್ಲಿ ಬರುತ್ತದೆ' ಅಂತ ಇನ್ನೊಂದು ಕಾಲಮ್ ಎಕ್ಸೆಲ್‌ನಲ್ಲಿ ಕಟ್ಟಿ. ಬೆಂಗಳೂರಿನಲ್ಲಿ ಕೂತ ಹುಡುಗನಿಗೆ ಈ ಕಾಲಮ್ ಹೊಳೆಯುವುದಿಲ್ಲ.

ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ, ಇವತ್ತಿಗೂ ನಮ್ಮ ಸೊಸೈಟಿಗಳ ಜೀವಾಳ. ಅಂಗಡಿಯವರು ದಿನಾ ಕಟ್ಟುವ ಹತ್ತು, ಐವತ್ತು, ನೂರು ರೂಪಾಯಿಯಲ್ಲಿ ಅವರ ವ್ಯಾಪಾರದ ನಾಡಿ ಇದೆ. ಸಾಲ ಮಂಜೂರಾಗುವ ಮೊದಲಿನ 90 ದಿನದಲ್ಲಿ ಎಷ್ಟು ದಿನ ಪಿಗ್ಮಿ ತಪ್ಪಿತು? ಒಂದೇ ಕೌಂಟ್-ಇಫ್ಸ್ ಸೂತ್ರದಲ್ಲಿ ಬರುತ್ತದೆ. ಮಂಜೂರಾದ ದಿನದಿಂದ ಹಿಂದಕ್ಕೆ ಮಾತ್ರ ಎಣಿಸಿ. ಮುಂದಕ್ಕೆ ಹತ್ತು ದಿನ ಸೇರಿದರೂ ಮತ್ತೆ ಸೋರಿಕೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ವೆಕಾದ ಮೊದಲ ಪರದೆಯಲ್ಲಿ ಕೂತು ಇಡೀ ಪಟ್ಟಿ ನೋಡಿ ಒಳ್ಳೆಯ ಕಾಲಮ್ ಆರಿಸಿ, ಆಮೇಲೆ ಕ್ರಾಸ್ ವ್ಯಾಲಿಡೇಶನ್ ಮಾಡಿದರೆ, ಪರೀಕ್ಷೆಗೆ ಇಟ್ಟ ಸಾಲಗಳನ್ನೂ ನೋಡಿಯೇ ಆರಿಸಿದ ಹಾಗಾಯಿತು. ಅದಕ್ಕೆ ಫಿಲ್ಟರ್ಡ್ ಕ್ಲಾಸಿಫೈಯರ್, ಆಟ್ರಿಬ್ಯೂಟ್ ಸೆಲೆಕ್ಟೆಡ್ ಕ್ಲಾಸಿಫೈಯರ್ ಅಂತ ಎರಡು ಪೆಟ್ಟಿಗೆ ಕೊಟ್ಟಿದ್ದಾರೆ. ಆರಿಸುವ ಕೆಲಸವೂ ಪ್ರತಿ ಸುತ್ತಿನ ಒಳಗೇ ನಡೆಯುತ್ತದೆ. ಎರಡನೇ ಕೋರ್ಸ್‌ನಲ್ಲಿ ಇದನ್ನು ಕಲಿಸುವಾಗ ವಿಡಿಯೊವನ್ನು ಮುಂದಕ್ಕೆ ಓಡಿಸಿಬಿಡಬೇಡಿ.

ಜೊತೆಗೆ ಕಾಲದ ಪರೀಕ್ಷೆಯೂ ಮಾಡಿ. ಹಳೆಯ ಸಾಲಗಳಿಂದ ಕಲಿಸಿ, ಆಮೇಲೆ ಕೊಟ್ಟ ಸಾಲಗಳ ಮೇಲೆ ಪರೀಕ್ಷಿಸಿ. ನಿಮ್ಮ ಸಿಇಒ ಬಳಸಬೇಕೆಂದಿರುವುದು ಹೀಗೇ ತಾನೆ? 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬ್ಯಾಂಕುಗಳಲ್ಲಿ ಕಂತಿಗೆ ಬಿಡುವು ಇತ್ತು. ನಿಮ್ಮಲ್ಲೂ ಹಾಗೆ ಕೊಟ್ಟಿದ್ದರೆ ಆ ಅವಧಿಯ ಸಾಲಗಳನ್ನು ಬೇರೆ ಇಡಿ.

ಒಂದು ಮಿತಿಯನ್ನಂತೂ ಯಾವ ಸಾಫ್ಟ್‌ವೇರೂ ದಾಟಿಸುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವುದು ಸಾಲ ಸಿಕ್ಕವರು ಮಾತ್ರ. ಅರ್ಜಿ ಕೊಟ್ಟು ವಾಪಸ್ ಹೋದವರು ಅದರಲ್ಲಿಲ್ಲ. ಅವರಲ್ಲಿ ಎಷ್ಟು ಜನ ಚೆನ್ನಾಗಿ ಕಟ್ಟುತ್ತಿದ್ದರೋ ಯಾರಿಗೂ ತಿಳಿಯದು. ಹಿಂದೆ ಯಾವುದೋ ಊರಿನವರಿಗೆ, ಯಾವುದೋ ಸಮುದಾಯದವರಿಗೆ ಸಾಲ ಕಡಿಮೆ ಕೊಟ್ಟಿದ್ದರೆ ಯಂತ್ರ ಅದನ್ನೇ ಕಲಿತು ಮುಂದುವರಿಸುತ್ತದೆ. ಜಾತಿ, ಧರ್ಮದ ಕಾಲಮ್ ಇಡದಿದ್ದರೂ 'ಊರು', 'ವಾರ್ಡ್' ಅದೇ ಕೆಲಸ ಮಾಡಬಹುದು. ಸಹಕಾರಿ ಸಂಘ ಹುಟ್ಟಿದ್ದೇ ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲಾಗದವರಿಗಾಗಿ. ನನ್ನನ್ನು ಕೇಳಿದರೆ 'ಊರು' ಕಾಲಮನ್ನು ತೆಗೆದೇ ಓಡಿಸಿ. ಒಂದೆರಡು ಅಂಕ ಕಡಿಮೆಯಾದರೆ ಆಗಲಿ.

ಮುಂದಿನ ದಾರಿ ಯಾವುದು ಅಂತ ಈಗ ಹೇಳಬಹುದು. ನನ್ನ ಆಯ್ಕೆ ವೆಕಾದ ಎರಡನೇ ಕೋರ್ಸ್. ವಿಡಿಯೊ ಇಂಗ್ಲಿಷ್‌ನಲ್ಲಿದೆ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಐದು ವಾರ ಅಂದರೂ ನೌಕರಿ, ಮನೆ ಎರಡೂ ಇರುವವರು ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ವೆಕಾದ ತೊಂದರೆ ಏನೆಂದರೆ ಅದು ಕೊಳಕು ಫೈಲ್ ಸಹಿಸುವುದಿಲ್ಲ. ಬ್ರಹ್ಮಾವರವನ್ನು ಒಬ್ಬರು ಪೂರ್ತಿ ಬರೆದು, ಇನ್ನೊಬ್ಬರು ಕೊನೆಯ ಅಕ್ಷರ ಬಿಟ್ಟು, ಮತ್ತೊಬ್ಬರು ನಡುವೆ ಅಪಾಸ್ಟ್ರಫಿ ಹಾಕಿ ಬಿ'ವರ ಅಂತ ಬರೆದಿರುತ್ತಾರೆ. ಆ ಒಂದು ಚಿಹ್ನೆಗೆ ಇಡೀ ಸಿಎಸ್‌ವಿ ಫೈಲ್ ತೆರೆಯದೆ ನಿಲ್ಲಬಹುದು. ಎಕ್ಸೆಲ್‌ನಲ್ಲಿರುವ ಪವರ್ ಕ್ವೆರಿ ಕಲಿಯಿರಿ. ಶುಚಿ ಮಾಡುವ ಮುಕ್ಕಾಲು ಕೆಲಸ ಅಲ್ಲಿ ಮೌಸ್‌ನಲ್ಲೇ ಆಗುತ್ತದೆ.

ಸ್ಲೊವೇನಿಯಾದ ಲುಬ್ಲಿಯಾನಾ ವಿಶ್ವವಿದ್ಯಾಲಯದವರ ಆರೆಂಜ್ ಕೂಡ ಉಚಿತ. ಅದರಲ್ಲಿ ಪುಟ್ಟ ಪುಟ್ಟ ಪೆಟ್ಟಿಗೆಗಳನ್ನು ಗೆರೆ ಎಳೆದು ಜೋಡಿಸುತ್ತಾ ಹೋಗುವುದು. ಚಿತ್ರಗಳು ಚೆಂದ, ಆಡಳಿತ ಮಂಡಳಿಗೆ ತೋರಿಸಲು ಬಹಳ ಅನುಕೂಲ. ಚೆಂದದ ಚಿತ್ರ ನೋಡಿ ಬೇಗ ಒಪ್ಪಿಬಿಡುವ ಅಪಾಯವೂ ಅಷ್ಟೇ ಇದೆ. ಜರ್ಮನಿಯ ಕೊನ್‌ಸ್ಟಾನ್ಜ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಕಟ್ಟಲು ಶುರು ಮಾಡಿದ ನೈಮ್ ಇನ್ನೂ ದೊಡ್ಡದು. ಪ್ರತಿ ತಿಂಗಳು ಅದೇ ಫೈಲ್ ತಂದು, ಅದೇ ಶುಚಿ ಮಾಡಿ, ಅದೇ ವರದಿ ತೆಗೆಯುವುದಿದ್ದರೆ ಅದು ಒಳ್ಳೆಯದು. ಕಲಿಯಲು ಜಾಸ್ತಿ ದಿನ ಬೇಕು. ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ.

ಎಐ ಚಾಟ್‌ಗಳಿಗೆ ಫೈಲ್ ಕೊಟ್ಟು ಮಾದರಿ ಕಟ್ಟಿಸುವ ದಾರಿಯನ್ನೂ ಈಗ ಬಹಳ ಜನ ಹೇಳುತ್ತಾರೆ. ಪಾಠ ಅರ್ಥವಾಗದಾಗ ಕೇಳಲು ಬಳಸಿ, ಅಡ್ಡಿಯಿಲ್ಲ. ಸದಸ್ಯರ ಪಟ್ಟಿಯನ್ನು ಮಾತ್ರ ಅಲ್ಲಿ ಹಾಕಬೇಡಿ. ಹೆಸರು, ಫೋನ್, ಆಧಾರ್, ಸಾಲದ ಬಾಕಿ, ಇವು ನಿಮ್ಮನ್ನು ನಂಬಿ ಕೊಟ್ಟ ಮಾಹಿತಿ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾನೂನೇ ಬಂದಿದೆ. ವೆಕಾ, ಆರೆಂಜ್ ನಿಮ್ಮ ಕಂಪ್ಯೂಟರಿನೊಳಗೇ ಓಡುತ್ತವೆ, ಫೈಲ್ ಹೊರಗೆ ಹೋಗುವುದಿಲ್ಲ. ಆದರೂ ಮನೆಯ ಲ್ಯಾಪ್‌ಟಾಪಿಗೆ ತರುವ ಮೊದಲು ಹೆಸರು, ನಂಬರ್ ತೆಗೆಯಿರಿ, ಸಿಇಒ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನೀವು ನನಗೆ ಪಟ್ಟಿ ಕಳಿಸದೆ ಬರೀ ಅಂಕಿ ಬರೆದಿರಿ. ಒಳ್ಳೆಯದೇ ಮಾಡಿದಿರಿ.

ಸರ್ಟಿಫಿಕೇಟ್ ಬಗ್ಗೆ ಬಿಚ್ಚಿ ಹೇಳುತ್ತೇನೆ. ಮಂಗಳೂರಿನ, ಮಣಿಪಾಲದ ಐಟಿ ಕಂಪನಿಗಳಲ್ಲಿ ಡೇಟಾ ಸೈಂಟಿಸ್ಟ್ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಇದೊಂದೇ ಸಾಕಾಗುವುದಿಲ್ಲ. ಅಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಮತ್ತು ಪೈಥಾನ್ ಕೇಳಿಯೇ ಕೇಳುತ್ತಾರೆ. ನೀವಿರುವ ಜಾಗದಲ್ಲೇ ಹೆಚ್ಚಿನ ಕೆಲಸ ಮಾಡಬೇಕು ಅಂದರೆ ಸರ್ಟಿಫಿಕೇಟಿಗೆ ದುಡ್ಡು ಕಟ್ಟುವ ಅಗತ್ಯ ಇಲ್ಲ. ನೀವೇ ಕಟ್ಟಿ, ಆರು ತಿಂಗಳು ಪಕ್ಕಕ್ಕಿಟ್ಟು ಪರೀಕ್ಷಿಸಿದ ಒಂದು ಮಾದರಿಯೇ ದೊಡ್ಡ ಸಾಕ್ಷಿ. ದೊಡ್ಡ ಶುಲ್ಕ ಕೇಳುವ ತರಬೇತಿ ಕೇಂದ್ರಕ್ಕೆ ಸೇರುವ ಮನಸ್ಸಿದ್ದರೆ ಮೊದಲು ಅವರನ್ನು ಒಂದು ಮಾತು ಕೇಳಿ: ಲೀಕೇಜ್, ತಪ್ಪಿನ ಬೆಲೆ, ಇವೆರಡಕ್ಕೆ ಎಷ್ಟು ಗಂಟೆ ಕೊಡುತ್ತೀರಿ? ಉತ್ತರ ಸಿಗದಿದ್ದರೆ ವಾಪಸ್ ಬನ್ನಿ.

ಮುಂದೆ ಯಾವತ್ತಾದರೂ ಕೋಡ್ ಬೇಕಾಗುತ್ತದಾ? ಬೇಕಾಗಬಹುದು. ಸೊಸೈಟಿಯ ಸಾಫ್ಟ್‌ವೇರಿನಿಂದ ನೇರ ಮಾಹಿತಿ ಎಳೆಯಬೇಕಾದಾಗ ಮೊದಲು ಎಸ್‌ಕ್ಯೂಎಲ್ ಕಲಿಯಿರಿ, ಪೈಥಾನ್ ಅಲ್ಲ. ಪಿವೋಟ್ ಮಾಡುವವರಿಗೆ ಅದು ಅರ್ಧ ಗೊತ್ತಿರುವ ಭಾಷೆ. ಲಕ್ಷಾಂತರ ಸಾಲುಗಳು ಬಂದಾಗ ನೀವು ಬಳಸುವ ವೆಕಾದ ಎಕ್ಸ್‌ಪ್ಲೋರರ್ ಪರದೆ ಉಸಿರುಗಟ್ಟುತ್ತದೆ, ಯಾಕೆಂದರೆ ಅದು ಎಲ್ಲವನ್ನೂ ಒಮ್ಮೆಗೇ ಮೆಮೊರಿಗೆ ತುಂಬಿಕೊಳ್ಳುತ್ತದೆ. ನಿಮ್ಮ 1,850 ಸಾಲಗಳಿಗೆ ಆ ಚಿಂತೆ ಇಲ್ಲ. ನಿಮಗೆ ಇರುವ ಚಿಂತೆ ಉಲ್ಟಾ. 148 ಸುಸ್ತಿ ಅಂದರೆ ಬಹಳ ಕಡಿಮೆ. ಮರ ಎಲೆಗೆ, ಅಂದರೆ ಕವಲಿನ ತುದಿಗೆ, ಎರಡೆರಡು ಸಾಲ ಇಟ್ಟುಕೊಂಡು ಕವಲೊಡೆದರೆ ಅದು ಬಾಯಿಪಾಠ. ಜೆ48ರಲ್ಲಿ ಎಲೆಗೆ ಕನಿಷ್ಠ 2 ಅಂತ ಇರುವುದನ್ನು 15, 20 ಮಾಡಿ ನೋಡಿ. ಮರ ಪುಟ್ಟದಾಗುತ್ತದೆ, ಆಡಳಿತ ಮಂಡಳಿಯವರಿಗೂ ಓದಿದರೆ ಅರ್ಥವಾಗುತ್ತದೆ.

ಸಿಇಒ ಅವರಿಗೆ ಹೀಗೆ ಹೇಳಬಹುದು: ಮುಂದಿನ ಆರು ತಿಂಗಳು ಅರ್ಜಿಗಳನ್ನು ಎಂದಿನಂತೆ ನಾವೇ ತೀರ್ಮಾನಿಸೋಣ, ಮಾದರಿ ಏನು ಹೇಳಿತು ಅಂತ ಪಕ್ಕದಲ್ಲಿ ಬರೆದಿಡೋಣ, ಆಮೇಲೆ ಎರಡನ್ನೂ ಹೋಲಿಸೋಣ. ಅವರು ಬೇಡ ಅನ್ನಲಾರರು.

ಈ ವಾರ ಆ ಹಾಳೆಯ ಕೆಲಸ ಮುಗಿಸಿ. ಮಂಜೂರಾದ ದಿನ ಗೊತ್ತಿಲ್ಲದ ಕಾಲಮ್‌ಗಳನ್ನೆಲ್ಲ ತೆಗೆದು ಜೆ48 ಮತ್ತೆ ಓಡಿಸಿ. 148ರಲ್ಲಿ ಎಷ್ಟು ಜನರನ್ನು ಹಿಡಿಯಿತು, ಒಳ್ಳೆಯವರಲ್ಲಿ ಎಷ್ಟು ಜನರನ್ನು ಸುಮ್ನೆ ಕೆಟ್ಟವರು ಅಂದಿತು, ಎರಡನ್ನೂ ನನಗೆ ಬರೆದು ಕಳಿಸಿ. ಒಟ್ಟು ಅಂಕ 92ಕ್ಕಿಂತ ಕೆಳಗೆ ಬಂದಿದ್ದರೂ ಕಳಿಸಿ, ಅಲ್ಲಿಂದ ಮುಂದೆ ನೋಡೋಣ.